ಕಾಫಿ ಕುಯ್ಲು ಮುಗಿಸಿ ಮಾರ್ಚ್‌ನಲ್ಲಿ ಏಷ್ಯಾ ಸುತ್ತೋಕೆ ಹೊರಡಬಹುದಾ?

ಕುಯ್ಲು ಮುಗಿದ ಕೂಡಲೇ ಗಂಡ ಹೆಂಡತಿ ಹೊರಟು ಆರು ತಿಂಗಳಲ್ಲಿ ಹತ್ತು ದೇಶ ನೋಡಬೇಕು, ಥಾಯ್ಲೆಂಡಿನ ಚಿಯಾಂಗ್ ಮಾಯ್‌ನಿಂದ ಶುರು ಮಾಡಲಾ ಅಂತ ಕೇಳಿದ್ದೀರಿ. ಬೇಡ. ನಾವು ಹೊರಟಿದ್ದೂ ಹೀಗೇ.

ನಮ್ಮದು ಕೊಡಗಿನ ಗೋಣಿಕೊಪ್ಪದ ಹತ್ತಿರ ರೋಬಸ್ಟಾ ತೋಟ. ಆ ವರ್ಷ ಕಾಫಿ ಹೂ ಅರಳಿಸೋ ಹೂಮಳೆ ಬೇಗ ಬಂತು, ಸ್ಪ್ರಿಂಕ್ಲರ್ ಎಳೆಯೋ ಕೆಲಸ ತಪ್ಪಿತು. ಕಣದ ಕಾಫಿ ಚೀಲ ಸೇರಿತು. "ತೋಟ ನಾನು ನೋಡ್ಕೋತೀನಿ, ಮಕ್ಕಳು ಮರಿ ಆಗೋ ಮೊದಲೇ ಹೋಗಿ ಬನ್ನಿ" ಅಂದರು ಮಾವ. ಇನ್ನೇನು ಬೇಕು?

ಎಡವಿದ್ದು ಎಲ್ಲಿ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ, ನೀವೂ ಅಲ್ಲೇ ಎಡವೋ ಹಾಗಿದ್ದೀರಿ. ಊರು ಆರಿಸುವಾಗ ನಾವು ನೋಡಿದ್ದು ಮಳೆ ಲೆಕ್ಕ ಒಂದನ್ನೇ. ಚಿಯಾಂಗ್ ಮಾಯ್‌ನಲ್ಲಿ ಮಾರ್ಚ್‌ನಲ್ಲಿ ಮಳೆ ಇಲ್ಲವೇ ಇಲ್ಲ ಅನ್ನಬಹುದು. ವರ್ಷದಲ್ಲಿ ನಾಲ್ಕು ತಿಂಗಳು ಒದ್ದೆ ಬಟ್ಟೆ ಒಣಗಿಸಿಕೊಂಡು ಕೂರೋ ನಮಗೆ, ಮಳೆ ಇಲ್ಲ ಅಂದರೆ ಒಳ್ಳೇ ಕಾಲ ಅಂತಲೇ ಅರ್ಥ ಅಲ್ವಾ? ಮನೆ ಬಾಡಿಗೆಯೂ ಜನವರಿಗಿಂತ ತುಂಬ ಕಡಿಮೆ ಇತ್ತು. ಯಾಕೆ ಕಡಿಮೆ ಅಂತ ಯೋಚಿಸಲಿಲ್ಲ, ಸಿಕ್ಕಿದ್ದೇ ಲಾಭ ಅಂತ ಇಡೀ ತಿಂಗಳ ದುಡ್ಡು ಮೊದಲೇ ಕಟ್ಟಿದೆವು.

ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಅಲ್ಲಿ ಹೊಗೆ ಕಾಲ. ಮುಸುಕಿನ ಜೋಳ ಮುರಿದ ಮೇಲೆ ಹೊಲಕ್ಕೆ ಬೆಂಕಿ ಹಾಕುತ್ತಾರೆ, ಭತ್ತದ ಕೂಳೆಗೂ ಹಾಕುತ್ತಾರೆ, ಕಾಡೂ ಹತ್ತಿಕೊಳ್ಳುತ್ತದೆ. ಪಕ್ಕದ ಲಾವೋಸ್, ಮ್ಯಾನ್ಮಾರ್‌ನಲ್ಲೂ ಇದೇ ಕಥೆ. ಊರಿನ ಸುತ್ತ ಬೆಟ್ಟ ಇರೋದರಿಂದ ಹೊಗೆ ಹೊರಗೆ ಹೋಗೋದಿಲ್ಲ, ತಳದಲ್ಲೇ ನಿಲ್ಲುತ್ತದೆ. ಡೋಯಿ ಸುಥೇಪ್ ಬೆಟ್ಟ ಊರಿಗೆ ಅಂಟಿಕೊಂಡೇ ಇದೆ, ನಮ್ಮ ಬಾಲ್ಕನಿಯಿಂದ ಒಂದು ದಿನವೂ ಸರಿಯಾಗಿ ಕಾಣಲಿಲ್ಲ. ನಮ್ಮ ಯಜಮಾನರಿಗೆ ಮೊದಲೇ ಉಬ್ಬಸ. ರಾತ್ರಿ ಗೋಡೆಗೆ ಒರಗಿ ಕೂತೇ ನಿದ್ದೆ. ಊರು ಬಿಡಿ ಅಂದರು ಡಾಕ್ಟರ್. ಕಟ್ಟಿದ ಬಾಡಿಗೆ ವಾಪಸ್ ಬರಲಿಲ್ಲ.

ಹೊಗೆಯಿಂದ ತಪ್ಪಿಸಿಕೊಳ್ಳೋಕೆ ಲಾವೋಸಿಗೆ ಹೋದೆವು! ಹುವಾಯ್ ಸಾಯ್‌ನಿಂದ ಲುವಾಂಗ್ ಪ್ರಬಾಂಗ್‌ಗೆ ಮೆಕಾಂಗ್ ನದಿಯಲ್ಲಿ ಎರಡು ದಿನದ ದೋಣಿ. ಎಲ್ಲರೂ ಹೊಗಳೋ ದಾರಿ ಅದು. ನಾವು ಮಾಸ್ಕ್ ಹಾಕಿಕೊಂಡು ಆಚೆ ದಡ ಹುಡುಕುತ್ತಾ ಕೂತಿದ್ದೆವು. ಗಡಿ ದಾಟಿದರೆ ಹೊಗೆ ನಿಲ್ಲುತ್ತಾ?

ಉಳಿದ ಪ್ಲಾನ್ ಹರಿದು ಹಾಕಿ ವಿಯೆಟ್ನಾಂನ ಬುವೊನ್ ಮಾ ಥುವೊಟ್‌ಗೆ ಹೋದೆವು. ರೋಬಸ್ಟಾ ಬೆಳೆಯೋ ಡಾಕ್ ಲಾಕ್ ಸೀಮೆಯ ಊರು. ಒಂದು ತೋಟದಲ್ಲಿ ನೀರು ಬಿಡುತ್ತಿದ್ದರು. ಪ್ರತಿ ಗಿಡದ ಬುಡದಲ್ಲೂ ಅಗಲದ ಪಾತಿ. ತೋಟದಾಕೆ ದಪ್ಪ ಪೈಪ್ ಹಿಡಿದು ಒಂದು ಪಾತಿ ತುಂಬಿಸುತ್ತಾಳೆ, ಪೈಪನ್ನು ಸೊಂಟಕ್ಕೆ ಒತ್ತಿಕೊಂಡು ಮುಂದಿನ ಗಿಡಕ್ಕೆ ಎಳೆಯುತ್ತಾಳೆ. ಮೇಲೆ ನೆರಳಿನ ಮರ ಒಂದೋ ಎರಡೋ. ಇವರು ಕೆಮ್ಮು ಮರೆತು ಒಂದೊಂದು ಗಿಡದ ರೆಕ್ಕೆ (ಅಡ್ಡ ಕೊಂಬೆ) ಎತ್ತಿ ಎತ್ತಿ ನೋಡಿದರು. ಮೊಬೈಲ್‌ನಲ್ಲಿ ಅನುವಾದ ಮಾಡಿಕೊಂಡು ಗೊಬ್ಬರದ ರೇಟು, ಕೂಲಿ, ಕಾಳುಮೆಣಸಿನ ರೋಗ ಎಲ್ಲಾ ಮಾತಾಯಿತು. ಗಟ್ಟಿ ಹಾಲು ಹಾಕಿದ ಫಿನ್ ಕಾಫಿ (ಅಲ್ಲಿನ ಪುಟ್ಟ ಫಿಲ್ಟರ್‌ನಲ್ಲಿ ಇಳಿಸಿದ್ದು) ನನಗೆ ಜಾಸ್ತಿ ಸಿಹಿ ಅನಿಸಿತು, ಇವರು ಮೂರು ಕುಡಿದರು. ಆಮೇಲೆ ನಾವು ಬೇರೆ ದೇಶದ ಹೆಸರೇ ಎತ್ತಲಿಲ್ಲ.

ಅದಕ್ಕೇ ನಿಮ್ಮ "ಹತ್ತು ದೇಶ" ನನಗೆ ಹಿಡಿಸಲಿಲ್ಲ. ಹತ್ತು ದೇಶ ಅಂದರೆ ಹತ್ತು ಸಲ ವೀಸಾ, ಸಿಮ್, ದುಡ್ಡು ಬದಲಾಯಿಸೋದು. ನಾವು ಜಗಳ ಆಡಿದ್ದೆಲ್ಲಾ ಬ್ಯಾಗ್ ಕಟ್ಟೋ ದಿನಗಳಲ್ಲೇ. ವಿಯೆಟ್ನಾಂ 2023ರ ಆಗಸ್ಟ್‌ನಿಂದ 90 ದಿನದ ಇ-ವೀಸಾ ಕೊಡುತ್ತಿದೆ. ಅದೊಂದೇ ಸಾಕು. ಅರ್ಜಿಯಲ್ಲಿ ಹೆಸರು ಮಾತ್ರ ಪಾಸ್‌ಪೋರ್ಟ್‌ನಲ್ಲಿ ಇರೋ ಹಾಗೇ ಬರೆಯಿರಿ. ನಮ್ಮ ಕಡೆ ಮನೆ ಹೆಸರು ಒಬ್ಬರದು ಮುಂದೆ, ಇನ್ನೊಬ್ಬರದು ಹಿಂದೆ ಇರುತ್ತದೆ.

ಆರು ತಿಂಗಳೂ ಬೇಡ. ಉತ್ತರ ಥಾಯ್ಲೆಂಡ್, ಲಾವೋಸ್ ಚೆನ್ನಾಗಿರೋದು ನವೆಂಬರ್‌ನಿಂದ ಜನವರಿ. ನಮಗೆ ಅದೇ ಪುತ್ತರಿ (ಹೊಸ ಭತ್ತದ ಹಬ್ಬ), ಅದೇ ಕುಯ್ಲು. ತೋಟ ಇಟ್ಟುಕೊಂಡು ಆ ಕಡೆ ಆಸೆ ಪಡಬೇಡಿ. ಮೇ ಗೊಬ್ಬರ ಮುಗಿಸಿ ಜೂನ್‌ನಲ್ಲಿ ಹೊರಡಿ, ಸೆಪ್ಟೆಂಬರ್ ಶುರುವಿನ ಕೈಲ್‌ಪೊಳ್ದ್ ಹಬ್ಬದ ಹೊತ್ತಿಗೆ ಮನೆ ಸೇರಿ. ನಮಗೆ ಮಳೆ ಸುರಿಯುವಾಗ ಇಂಡೊನೇಷ್ಯಾದ ಬಾಲಿ, ಲೊಂಬೊಕ್, ಫ್ಲೋರೆಸ್ ಕಡೆ ಬಿಸಿಲು. ವಿಯೆಟ್ನಾಂನ ಡಾ ನಾಂಗ್, ಹೋಯ್ ಆನ್‌ನಲ್ಲೂ ಆಗಸ್ಟ್‌ವರೆಗೆ ಒಣ ಹವೆ, ಸೆಕೆ ಮಾತ್ರ ಜೋರು.

ಒಂದು ವಿಷಯ ನೀವು ಹೇಳಿಲ್ಲ. ಮನೆಯಲ್ಲಿ ವಯಸ್ಸಾದವರು ಇದ್ದಾರಾ, ಮನೆ ಎಲ್ಲಿದೆ? ಮಕ್ಕಂದೂರು, ಮಾದಾಪುರದ ಕಡೆ ಗುಡ್ಡದ ಅಂಚಿನಲ್ಲಿದ್ದರೆ 2018ರ ಆಗಸ್ಟ್‌ನ ಗುಡ್ಡ ಕುಸಿತ ನಿಮಗೆ ನಾನು ನೆನಪಿಸಬೇಕಿಲ್ಲ. ಹಾಗಿದ್ದರೆ ಅವರನ್ನು ಮಳೆಗಾಲಕ್ಕೆ ಮೈಸೂರಲ್ಲೋ ಕುಶಾಲನಗರದಲ್ಲೋ ನೆಂಟರ ಮನೆಗೆ ಬಿಟ್ಟು, ಆಮೇಲೆ ಟಿಕೆಟ್ ಮಾಡಿ.