ಅಂಗಳದಲ್ಲಿ ನಿಂತ ಸೇನೆಯ ಪಿಕಪ್

ಪ್ರಶ್ನೆ: ನಮ್ಮ ಮಾವನವರು ಸೇನೆಯ ಹರಾಜಿನಲ್ಲಿ ಕೊಂಡಿದ್ದ ಪೆಟ್ರೋಲ್ ಎಂಜಿನ್ನಿನ ನಿಸಾನ್ ಒನ್ ಟನ್ ಪಿಕಪ್ ಹನ್ನೆರಡು ವರ್ಷಗಳಿಂದ ನಮ್ಮ ಅಂಗಳದಲ್ಲಿ ನಿಂತಿದೆ. ಎಂಜಿನ್ ಬಿಗಿದುಕೊಂಡಿದೆ. ಇನ್ನೊಂದು ವಾಹನಕ್ಕೆ ಕಟ್ಟಿ ಎಳೆದರೆ ಸಡಿಲವಾಗುತ್ತದೆ ಎಂದು ಒಬ್ಬ ಮೆಕ್ಯಾನಿಕ್, ಡೀಸೆಲ್ ಎಂಜಿನ್ ಕೂರಿಸಿಬಿಡಿ ಎಂದು ಮತ್ತೊಬ್ಬರು ಹೇಳುತ್ತಾರೆ. ಮನೆಯಲ್ಲಿಯೇ ದುರಸ್ತಿ ಮಾಡಿ ಮೊದಲಿನ ಹಸಿರು ಬಣ್ಣವನ್ನೇ ಬಳಿಯುವ ಆಸೆ ನನ್ನದು. ಎಲ್ಲಿಂದ ಆರಂಭಿಸಲಿ?
— ಓದುಗರೊಬ್ಬರು, ದಾಪೋಡಿ, ಪುಣೆ

ಉತ್ತರ: ದಯವಿಟ್ಟು ಎಳೆಸಬೇಡಿ. ನಿಂತ ಎಂಜಿನ್ನಿನಲ್ಲಿ ಯಾವುದಾದರೊಂದು ಸಿಲಿಂಡರಿನ ವಾಲ್ವ್ ತೆರೆದೇ ಇರುತ್ತದೆ. ಅದರ ಮೂಲಕ ಪುಣೆಯ ಮಳೆಗಾಲದ ತೇವ ಒಳಸೇರಿ, ಪಿಸ್ಟನ್ ರಿಂಗುಗಳನ್ನು, ಅಂದರೆ ಪಿಸ್ಟನ್ನಿನ ಸುತ್ತಲಿನ ಲೋಹದ ಬಳೆಗಳನ್ನು, ಸಿಲಿಂಡರಿನ ಗೋಡೆಗೆ ತುಕ್ಕಿನಿಂದ ಕಚ್ಚಿಸಿಬಿಡುತ್ತದೆ. ಅಂಥದ್ದನ್ನು ಗೇರಿಗೆ ಹಾಕಿ ಎಳೆದರೆ ರಿಂಗುಗಳು ಮುರಿಯಬಹುದು, ಪಿಸ್ಟನ್ನಿಗೆ ಜೋಡಿಸಿದ ಕನೆಕ್ಟಿಂಗ್ ರಾಡ್ ಬಾಗಲೂಬಹುದು. ಆರೂ ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಸೀಮೆಎಣ್ಣೆ ಮತ್ತು ಆಟೊಮ್ಯಾಟಿಕ್ ಟ್ರಾನ್ಸ್‌ಮಿಷನ್ ಆಯಿಲನ್ನು ಸಮಪ್ರಮಾಣದಲ್ಲಿ ಬೆರೆಸಿ ಪ್ರತಿ ಸಿಲಿಂಡರಿಗೂ ಕೆಲವು ಚಮಚ ಹಾಕಿ, ವಾರ ಕಾಲ ನೆನೆಯಲು ಬಿಡಿ. ಬಳಿಕ ಗೇರನ್ನು ನ್ಯೂಟ್ರಲ್ಲಿನಲ್ಲಿಟ್ಟು, ಮುಂಭಾಗದ ಪುಲ್ಲಿಯ ನಟ್ಟಿಗೆ ಸ್ಪ್ಯಾನರ್ ಹಾಕಿ ಅತ್ತಿತ್ತ ಮೆಲ್ಲಗೆ ಆಡಿಸಿ. ಕೂದಲೆಳೆಯಷ್ಟು ಅಲುಗಿದರೂ ಆ ದಿನಕ್ಕೆ ಸಾಕು, ಮತ್ತೆ ಎಣ್ಣೆ ಹಾಕಿ ಕಾಯಿರಿ. ಇಲ್ಲಿ ತೋಳಿನ ಬಲಕ್ಕಿಂತ ತಾಳ್ಮೆಯೇ ಹೆಚ್ಚು ಕೆಲಸ ಮಾಡುತ್ತದೆ. ಪೂರ್ತಿ ತಿರುಗಿದ ಮೇಲೆ ಎಂಜಿನ್ನಿನ ತಳದ ಸಂಪಿನಲ್ಲಿರುವ (ಎಣ್ಣೆ ತೊಟ್ಟಿಯಲ್ಲಿರುವ) ಎಂಜಿನ್ ಎಣ್ಣೆಯನ್ನು ಬದಲಿಸಲೇಬೇಕು, ಏಕೆಂದರೆ ಸೀಮೆಎಣ್ಣೆ ಅಲ್ಲಿಗೆ ಇಳಿದು ಅದನ್ನು ತೆಳುವಾಗಿಸಿರುತ್ತದೆ.

ಡೀಸೆಲ್ ಎಂಜಿನ್ನಿನ ಸಲಹೆಯನ್ನು ನಾನು ಒಪ್ಪುವುದಿಲ್ಲ. ಜಬಲ್ಪುರದ ಸರ್ಕಾರಿ ಕಾರ್ಖಾನೆಯಲ್ಲಿ ತಯಾರಾದ ಈ ಗಾಡಿಯ ಜೀವವೇ ಆ ಆರು ಸಿಲಿಂಡರಿನ ಪೆಟ್ರೋಲ್ ಎಂಜಿನ್. ಮೇಲಾಗಿ, ಅನುಮತಿಯಿಲ್ಲದೆ ಎಂಜಿನ್ ಬದಲಿಸಲು 1988ರ ಮೋಟಾರು ವಾಹನ ಕಾಯಿದೆಯಲ್ಲಿ ಅವಕಾಶವಿಲ್ಲ. ನೋಂದಣಿ ಪುಸ್ತಕದ ಚಾಸಿ ಸಂಖ್ಯೆ ಗಾಡಿಯ ಮೇಲಿರುವುದಕ್ಕೆ ತಾಳೆಯಾಗುತ್ತದೆಯೇ ಎಂಬುದನ್ನು ಹಣ ಹಾಕುವ ಮೊದಲೇ ನೋಡಿಕೊಳ್ಳಿ.

ಎಂಜಿನ್ ಕೂಗಿದ ಸಂತೋಷದಲ್ಲಿ ಗಾಡಿಯನ್ನು ರಸ್ತೆಗಿಳಿಸಬೇಡಿ. ಬ್ರೇಕಿನ ಮಾಸ್ಟರ್ ಸಿಲಿಂಡರ್ ಮತ್ತು ಚಕ್ರಗಳ ಸಿಲಿಂಡರುಗಳಲ್ಲಿರುವ ಬ್ರೇಕ್ ಎಣ್ಣೆ ಸೋರದಂತೆ ತಡೆಯುವ ಬಟ್ಟಲಿನಾಕಾರದ ರಬ್ಬರ್ ಸೀಲುಗಳು ಇಷ್ಟು ವರ್ಷಗಳಲ್ಲಿ ಗಟ್ಟಿಯಾಗಿರುತ್ತವೆ. ಹಳೆಯದನ್ನು ಕೈಯಲ್ಲಿಯೇ ಹಿಡಿದು ನಿಮ್ಮ ಪುಣೆಯದೇ ‘ನಾನಾ ಪೇಠ್’ ಬಡಾವಣೆಯ ವಾಹನ ಬಿಡಿಭಾಗಗಳ ಅಂಗಡಿಗಳಿಗೆ ಹೋಗಿ ಅಳತೆ ಹೊಂದಿಸಿ ತನ್ನಿ. ಕ್ಯಾಬಿನ್ನಿನ ತಳಕ್ಕೆ ವೆಲ್ಡಿಂಗ್ ಮಾಡಿಸುವಾಗ ಪೆಟ್ರೋಲ್ ಟ್ಯಾಂಕನ್ನು ಕಳಚಿ ದೂರವಿಡಬೇಕು. ಖಾಲಿ ಟ್ಯಾಂಕಿನ ಆವಿಯೂ ಸಿಡಿಯುತ್ತದೆ.

ಇನ್ನು ಬಣ್ಣ. ನಿಮ್ಮ ಆಸೆ ನನಗೆ ಅರ್ಥವಾಗುತ್ತದೆ, ಆದರೆ 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 121ನೇ ನಿಯಮದಂತೆ ಆಲಿವ್ ಹಸಿರು ರಕ್ಷಣಾ ಇಲಾಖೆಯ ವಾಹನಗಳಿಗಷ್ಟೇ ಮೀಸಲು. ಮರಳಿನ ಬಣ್ಣವನ್ನೋ ಬೂದು ಬಣ್ಣವನ್ನೋ ಆರಿಸಿ, ಅದನ್ನು ನೋಂದಣಿ ಪುಸ್ತಕದಲ್ಲಿ ದಾಖಲಿಸಿಕೊಳ್ಳಿ. ಡ್ಯಾಶ್‌ಬೋರ್ಡಿನ ಹಿಂದೆ ಹಳೆಯ ಹಸಿರಿನ ಗುರುತು ಉಳಿದಿದ್ದರೆ ಅದನ್ನು ಉಜ್ಜಿ ತೆಗೆಯಬೇಡಿ.