ಯಹೂದಿ ಕಟ್ಟಳೆ ತಿಳಿಯಲು ಹಳೆಯ ಹಸ್ತಪ್ರತಿಗಳನ್ನೇ ಯಾಕೆ ನೋಡಬೇಕು?

ನೀವು ಕೇಳಿರುವುದು ಇಷ್ಟು: ಯಹೂದಿಗಳ ಕಟ್ಟಳೆ, ಆಚರಣೆ ಎಲ್ಲ ಈಗ ಅನುವಾದದ ಸಮೇತ ಆನ್‌ಲೈನ್‌ನಲ್ಲೇ ಸಿಗುತ್ತದೆ, ಹಾಗಿರುವಾಗ ಹಸ್ತಪ್ರತಿಗಳನ್ನು, ನಾಲ್ಕೈದು ನೂರು ವರ್ಷ ಹಳೆಯ ಪುಸ್ತಕಗಳನ್ನು ಹುಡುಕಿಕೊಂಡು ಹೋದರೆ ಏನು ಜಾಸ್ತಿ ಸಿಗುತ್ತದೆ? ಹೀಬ್ರೂ ಬಾರದವರು ಎಲ್ಲಿಂದ ಶುರು ಮಾಡಬೇಕು?

ಜಾಸ್ತಿ ಸಿಗುವುದು ವಾದ. ಇವತ್ತಿನ ಶುದ್ಧವಾದ ಅಚ್ಚಿನಲ್ಲಿ ಒಂದು ನಿಯಮ ಓದಿದರೆ, ಅದು ಮೊದಲಿಂದಲೂ ಹಾಗೇ ಇತ್ತು, ಎಲ್ಲರೂ ಒಪ್ಪಿದ್ದರು ಅನಿಸಿಬಿಡುತ್ತದೆ. ಹಳೆಯ ಪ್ರತಿಯಲ್ಲಿ ಹಾಗಲ್ಲ. ಯಾರು ಬರೆದರು, ಯಾರು ಒಪ್ಪಲಿಲ್ಲ, ಯಾರು ಅಳಿಸಿದರು ಎಲ್ಲ ಕಾಣುತ್ತದೆ. ನನಗೆ ಈ ವಿಷಯದ ಮೇಲೆ ಪ್ರೀತಿ ಹುಟ್ಟಿದ್ದೇ ಇದರಿಂದ, ಹಾಗಾಗಿ ಸ್ವಲ್ಪ ಉದ್ದವಾಗಿ ಬರೆಯುತ್ತೇನೆ.

ಶುಲ್ಖಾನ್ ಆರುಖ್ ಹೆಸರು ಕೇಳಿರುತ್ತೀರಿ. ಯಹೂದಿಗಳ ದಿನನಿತ್ಯದ ಕಟ್ಟಳೆಗಳನ್ನೆಲ್ಲ ಒಟ್ಟು ಮಾಡಿದ ಪುಸ್ತಕ. ಬರೆದವರು ಯೋಸೆಫ್ ಕಾರೋ. ಸ್ಪೇನ್‌ನಲ್ಲಿ ಹುಟ್ಟಿ, 1492ರಲ್ಲಿ ಅಲ್ಲಿಂದ ಯಹೂದಿಗಳನ್ನು ಹೊರಹಾಕಿದ ಮೇಲೆ ಊರೂರು ಸುತ್ತಿ, ಕೊನೆಗೆ ಗಲಿಲಾಯದ (ಈಗಿನ ಉತ್ತರ ಇಸ್ರೇಲ್) ಸಫೇದ್‌ನಲ್ಲಿ ನೆಲೆ ನಿಂತವರು. ಪುಸ್ತಕ ವೆನಿಸ್‌ನಲ್ಲಿ 1565ರಲ್ಲಿ ಅಚ್ಚಾಯಿತು. ಅದರ ಮೊದಲ ಭಾಗದ 605ನೇ ವಿಭಾಗ ನೋಡಿ. ಯೋಮ್ ಕಿಪ್ಪುರ್ ಅಂದರೆ ಪ್ರಾಯಶ್ಚಿತ್ತದ ದಿನ, ವರ್ಷದಲ್ಲೇ ದೊಡ್ಡ ಉಪವಾಸ. ಅದರ ಹಿಂದಿನ ದಿನ ಕೋಳಿಯೊಂದನ್ನು ತಲೆಯ ಸುತ್ತ ನಿವಾಳಿಸಿ, ಪ್ರಾರ್ಥನೆ ಹೇಳಿ, ಕೊಯ್ಯುವ ಪದ್ಧತಿ ಇತ್ತು. ಈಗಲೂ ಕೆಲವರಲ್ಲಿ ಇದೆ. ಕಪ್ಪಾರೋತ್ ಅಂತ ಅದರ ಹೆಸರು. ಕಾರೋ ಪ್ರಕಾರ ಈ ಪದ್ಧತಿಯನ್ನು ತಡೆಯಬೇಕು. ಮೊದಲ ಅಚ್ಚಿನಲ್ಲಿ ಆ ವಿಭಾಗದ ತಲೆಬರಹವೇ ಇದೊಂದು ಮೂರ್ಖತನದ ಪದ್ಧತಿ ಎಂದು ನೇರವಾಗಿ ಹೇಳುತ್ತದೆ. ಮುಂದಿನ ಅಚ್ಚುಗಳಿಗೆ ಬನ್ನಿ, ತಲೆಬರಹದಲ್ಲಿ ಆ ಮಾತೇ ಇಲ್ಲ! ಕೆಳಗಿನ ನಿಯಮ ಹಾಗೇ ಉಳಿದಿದೆ, ಮೇಲಿನ ಬೈಗುಳ ಮಾತ್ರ ಹೋಗಿದೆ. ಆ ತಲೆಬರಹ ಕಾರೋ ಅವರೇ ಬರೆದದ್ದೋ, ಅಚ್ಚು ಹಾಕಿದವರು ಸೇರಿಸಿದ್ದೋ ಎಂಬ ಚರ್ಚೆಯೂ ಇದೆ. ಆದರೆ ಆ ಪುಟ ನೋಡದಿದ್ದರೆ ಚರ್ಚೆ ಇರುವುದೇ ನಮಗೆ ತಿಳಿಯುವುದಿಲ್ಲ, ಅಲ್ವಾ?

ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಅದೇ ಕಾಲದಲ್ಲಿ ಪೋಲೆಂಡ್‌ನ ಕ್ರಾಕೋವ್‌ನಲ್ಲಿ ಮೋಶೆ ಇಸ್ಸೆರ್ಲೆಸ್ ಎಂಬ ರಬ್ಬಿ, ಅಂದರೆ ಯಹೂದಿ ಧರ್ಮಗುರು, ಇದ್ದರು. ಕಾರೋ ಬರೆದದ್ದು ಹೆಚ್ಚಾಗಿ ಸ್ಪೇನ್ ಕಡೆಯ ಸಂಪ್ರದಾಯ, ನಮ್ಮ ಕಡೆಯ ಪದ್ಧತಿಗಳು ಇದರಲ್ಲಿ ಬಂದಿಲ್ಲ ಎಂದು ಅವರು ತಮ್ಮ ಟಿಪ್ಪಣಿಗಳನ್ನು ಬರೆದರು. 1570ರ ಸುಮಾರಿಗೆ ಕ್ರಾಕೋವ್‌ನಲ್ಲಿ ಎರಡೂ ಸೇರಿಯೇ ಅಚ್ಚಾದವು. ಬೇರೆ ಪುಸ್ತಕವಾಗಿ ಅಲ್ಲ, ಪುಟದ ಕೆಳಗೂ ಅಲ್ಲ, ಕಾರೋ ಅವರ ಸಾಲುಗಳ ನಡುವೆಯೇ, ಬೇರೆ ಅಕ್ಷರದಲ್ಲಿ. ಕಾರೋ ಕೋಳಿ ನಿವಾಳಿಸುವುದನ್ನು ತಡೆಯಿರಿ ಎನ್ನುತ್ತಾರೆ. ತಕ್ಷಣ ಇಸ್ಸೆರ್ಲೆಸ್ ಬಂದು, ಇದು ಹಿಂದಿನ ಪಂಡಿತರೇ ಬರೆದಿಟ್ಟಿರುವ ಹಳೆಯ ಪದ್ಧತಿ, ನಮ್ಮ ನಾಡುಗಳಲ್ಲೆಲ್ಲ ನಡೆಯುತ್ತದೆ, ಬದಲಿಸಬಾರದು ಎನ್ನುತ್ತಾರೆ. ಗಂಡಿಗೆ ಹುಂಜ, ಹೆಣ್ಣಿಗೆ ಹೇಂಟೆ, ಗರ್ಭಿಣಿಗೆ ಎರಡು ಎಂಬ ವಿವರ ಬೇರೆ ಕೊಡುತ್ತಾರೆ. ಕೋಳಿಯನ್ನು ಬಡವರಿಗೆ ಕೊಡಬೇಕು, ಇಲ್ಲವೇ ಅದರ ಬೆಲೆಯನ್ನು ಬಡವರಿಗೆ ಹಂಚಬೇಕು ಅಂತಲೂ ಇದೆ.

ಅಕ್ಕಿಯ ವಿಷಯವೂ ಹೀಗೇ. ಪಾಸ್ಕ ಅಂದರೆ ಈಜಿಪ್ಟಿನ ದಾಸ್ಯದಿಂದ ಬಿಡುಗಡೆಯಾದ ನೆನಪಿನ ಹಬ್ಬ, ಅದರಲ್ಲಿ ಹುಳಿ ಬಂದ ಧಾನ್ಯ ತಿನ್ನಬಾರದು. ಅನ್ನ ತಿನ್ನಬಹುದಾ? ಕಾರೋ ಧಾರಾಳವಾಗಿ ತಿನ್ನಬಹುದು ಎಂದರೆ, ಇಸ್ಸೆರ್ಲೆಸ್ ನಮ್ಮ ಕಡೆ ತಿನ್ನುವುದಿಲ್ಲ, ಅದನ್ನು ಬದಲಿಸಬಾರದು ಎನ್ನುತ್ತಾರೆ. 453ನೇ ವಿಭಾಗ. ಆ ಭಿನ್ನಾಭಿಪ್ರಾಯ ಇವತ್ತಿಗೂ ಉಳಿದಿದೆ. ಒಂದೇ ಪುಟದಲ್ಲಿ ಇಬ್ಬರೂ ಇರುವುದರಿಂದಲೇ ಈ ಪುಸ್ತಕ ಎರಡೂ ಕಡೆಯವರ ಮನೆಯಲ್ಲಿ ನಿಂತಿತು ಎಂದು ನನ್ನ ಅಭಿಪ್ರಾಯ.

ಇನ್ನು ತಾಲ್ಮುದ್, ಅಂದರೆ ಕಟ್ಟಳೆಗಳ ಬಗ್ಗೆ ಹಳೆಯ ರಬ್ಬಿಗಳು ನಡೆಸಿದ ವಾದ, ಚರ್ಚೆಗಳ ದೊಡ್ಡ ಸಂಗ್ರಹ. ಅದರ ಪುಟದಲ್ಲಿ ನಡುವೆ ಮೂಲ, ಒಳಬದಿಯಲ್ಲಿ ಹನ್ನೊಂದನೇ ಶತಮಾನದ ರಾಶಿ ಎಂಬ ಫ್ರಾನ್ಸಿನ ಪಂಡಿತರ ವ್ಯಾಖ್ಯಾನ, ಹೊರಬದಿಯಲ್ಲಿ ಅವರ ನಂತರದವರ ಚರ್ಚೆ. ನಮ್ಮ ಹಳೆಯ ಓಲೆಗರಿ ಕಾವ್ಯಗಳಲ್ಲಿ ಮೂಲದ ಜೊತೆ ಟೀಕು ಇರುತ್ತದಲ್ಲ, ಆ ಥರ, ಆದರೆ ಸುತ್ತಲೂ. ಈ ರೂಪದಲ್ಲಿ ಬಾಬಿಲೋನಿಯನ್ ತಾಲ್ಮುದನ್ನು (ತಾಲ್ಮುದ್‌ಗಳು ಎರಡಿವೆ, ಹೆಚ್ಚು ಬಳಕೆಯಲ್ಲಿರುವುದು ಇದೇ) ಪೂರ್ತಿಯಾಗಿ ಮೊದಲು ಅಚ್ಚು ಹಾಕಿಸಿದವರು ಡೇನಿಯಲ್ ಬೊಂಬೆರ್ಗ್. ಯಹೂದಿಯಲ್ಲ, ಆಂಟ್ವರ್ಪ್‌ನಿಂದ ವೆನಿಸ್‌ಗೆ ಬಂದ ಕ್ರೈಸ್ತ. ಕೆಲಸ 1523ರಲ್ಲಿ ಮುಗಿಯಿತು. ಇವತ್ತು ಯಾರೇ ತಾಲ್ಮುದ್‌ನ ಇಂಥ ಹಾಳೆ, ಇಂಥ ಬದಿ ಎಂದು ಹೇಳಿದರೂ ಅದು ಅವರ ಅಚ್ಚಿನ ಲೆಕ್ಕವೇ.

ಮೂವತ್ತು ವರ್ಷ ಕಳೆಯುವಷ್ಟರಲ್ಲಿ, 1553ರಲ್ಲಿ, ರೋಮ್‌ನ ಕ್ಯಾಂಪೊ ದೆ ಫಿಯೋರಿ ಚೌಕದಲ್ಲಿ ತಾಲ್ಮುದ್ ಪ್ರತಿಗಳನ್ನು ರಾಶಿ ಹಾಕಿ ಸುಟ್ಟರು. ಪ್ಯಾರಿಸ್‌ನಲ್ಲಿ 1242ರಲ್ಲೇ ಬಂಡಿಗಟ್ಟಲೆ ಹಸ್ತಪ್ರತಿ ಸುಟ್ಟಿದ್ದರು. ಅದಕ್ಕೇ ಹೆಚ್ಚುಕಡಿಮೆ ಪೂರ್ತಿಯಾದ ಬಾಬಿಲೋನಿಯನ್ ತಾಲ್ಮುದ್ ಹಸ್ತಪ್ರತಿ ಇಡೀ ಜಗತ್ತಿನಲ್ಲಿ ಒಂದೇ ಒಂದು ಉಳಿದಿರುವುದು. 1342ರಲ್ಲಿ ಫ್ರಾನ್ಸಿನಲ್ಲಿ ನಕಲಾದದ್ದು, ಈಗ ಮ್ಯೂನಿಕ್‌ನ ಗ್ರಂಥಾಲಯದಲ್ಲಿದೆ. ಸುಟ್ಟ ಮೇಲೆ ಕತ್ತರಿ ಬಂತು. ಬಾಸೆಲ್‌ನಲ್ಲಿ 1578ರಿಂದ 1581ರವರೆಗೆ ಅಚ್ಚಾದ ತಾಲ್ಮುದ್‌ನಲ್ಲಿ ಅನ್ಯಪೂಜೆಯ ಬಗ್ಗೆ ಇರುವ ಭಾಗವನ್ನು ಇಡಿಯಾಗಿ ಬಿಟ್ಟುಬಿಟ್ಟರು. ಬೇರೆ ಎಷ್ಟೋ ಪುಸ್ತಕಗಳಲ್ಲಿ ಚರ್ಚಿನ ಪರಿಶೀಲಕರು ಸಾಲುಗಳ ಮೇಲೆ ಮಸಿ ಎಳೆದು ಕೊನೆಯಲ್ಲಿ ಸಹಿ ಹಾಕಿದ್ದಾರೆ. ಕೆಲವು ಕಡೆ ಆ ಮಸಿ ಈಗ ಮಾಸಿದೆ, ಅಡಿಯ ಸಾಲು ಮತ್ತೆ ಓದಲು ಸಿಗುತ್ತದೆ. ಇಂಥದ್ದನ್ನು ಟೈಪ್ ಮಾಡಿದ ಪಠ್ಯದಲ್ಲಿ ನೋಡಲು ಸಾಧ್ಯವೇ ಇಲ್ಲ.

ಇಲ್ಲಿಯವರೆಗೆ ಪಂಡಿತರ ಪುಸ್ತಕಗಳ ಮಾತಾಯಿತು. ಜನ ನಿಜವಾಗಿ ಹೇಗೆ ಬದುಕಿದರು ಅಂತ ತಿಳಿಯಬೇಕಾದರೆ ಕೈರೋ ಗೆನಿಜಾಕ್ಕೆ ಬರಬೇಕು. ದೇವರ ಹೆಸರಿರುವ ಬರಹವನ್ನು ಎಸೆಯಬಾರದು, ಸುಡಬಾರದು ಎಂಬುದು ಯಹೂದಿ ಕಟ್ಟಳೆ. ಹಳತಾದರೆ ಒಂದು ಕಡೆ ತೆಗೆದಿಟ್ಟು, ಆಮೇಲೆ ಹೂಳುತ್ತಾರೆ. ಹಳೆಯ ಕೈರೋದ ಬೆನ್ ಎಜ್ರಾ ಸಿನಗಾಗ್, ಅಂದರೆ ಪ್ರಾರ್ಥನಾ ಮಂದಿರದವರು, ಹೀಬ್ರೂ ಅಕ್ಷರದಲ್ಲಿ ಬರೆದದ್ದನ್ನೆಲ್ಲ ಒಂದು ಕೋಣೆಗೆ ಹಾಕುತ್ತ ಹೋದರು, ಹೂಳಲಿಲ್ಲ. ಆ ಕೋಣೆಯೇ ಗೆನಿಜಾ. ಶತಮಾನಗಳ ಕಾಗದ ಅಲ್ಲಿ ತುಂಬಿತು: ಪ್ರಾರ್ಥನೆ, ಸಾಲಪತ್ರ, ವ್ಯಾಪಾರದ ಕಾಗದ, ಮಕ್ಕಳ ಅಕ್ಷರಾಭ್ಯಾಸ, ವಿಚ್ಛೇದನ ಪತ್ರ. ಕೇಂಬ್ರಿಜ್‌ನ ವಿದ್ವಾಂಸ ಸೊಲೊಮನ್ ಶೆಕ್ಟರ್ 1896ರ ಕೊನೆಗೆ ಹೋಗಿ ಅದರ ದೊಡ್ಡ ಪಾಲನ್ನು ಕೇಂಬ್ರಿಜ್‌ಗೆ ತಂದರು. ಅಲ್ಲಿ ಈಗ 1,90,000ಕ್ಕೂ ಹೆಚ್ಚು ತುಣುಕುಗಳಿವೆ.

ಅವುಗಳಲ್ಲಿ ನನಗೆ ತುಂಬ ಇಷ್ಟವಾದವು ಮದುವೆಯ ಕರಾರುಗಳು. ಆಗ ಈಜಿಪ್ಟ್‌ನಲ್ಲಿ ಎರಡು ಪಂಗಡದ ಯಹೂದಿಗಳಿದ್ದರು. ತಾಲ್ಮುದ್ ಒಪ್ಪುವ ರಬ್ಬಾನಿಗಳು, ಒಪ್ಪದ ಕರಾಯಿಗಳು. ಪುಸ್ತಕಗಳಲ್ಲಿ ಇಬ್ಬರೂ ಪರಸ್ಪರ ಕಟುವಾಗಿ ಖಂಡಿಸಿಕೊಂಡಿದ್ದಾರೆ. ಹಬ್ಬದ ದಿನಾಂಕವೇ ಬೇರೆ ಬೇರೆ ಬರುತ್ತಿತ್ತು, ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನ ರಾತ್ರಿ ಮನೆಯಲ್ಲಿ ದೀಪ ಇರಬೇಕೋ ಬೇಡವೋ ಎಂಬುದಕ್ಕೂ ಜಗಳ. ಆದರೆ ಗೆನಿಜಾದಲ್ಲಿ ಈ ಎರಡು ಪಂಗಡಗಳ ನಡುವಿನ ಮದುವೆ ಕರಾರುಗಳೇ ಸಿಕ್ಕಿವೆ, ಒಂದು 1082ರದ್ದು. ಇಂಥ ಕರಾರುಗಳಲ್ಲಿ ಗಂಡ ಹೆಂಡತಿಯ ಹಬ್ಬ ಕೆಡಿಸುವುದಿಲ್ಲ, ಊಟದ ವಿಷಯದಲ್ಲಿ ಒತ್ತಾಯ ಮಾಡುವುದಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ, ಹೆಂಡತಿ ಗಂಡನ ಹಬ್ಬ ಕೆಡಿಸುವುದಿಲ್ಲ ಎಂದು ಒಪ್ಪಿಕೊಳ್ಳುತ್ತಾಳೆ. ಬರೀ ಕಟ್ಟಳೆ ಪುಸ್ತಕ ಓದಿದವರಿಗೆ ಇವರು ಒಂದೇ ಮನೆಯಲ್ಲಿ ಬಾಳಿದರು ಎಂಬ ಕಲ್ಪನೆಯೂ ಬರುವುದಿಲ್ಲ.

ನಮ್ಮ ಕರಾವಳಿಯವರು ಓದಲೇಬೇಕಾದ ಒಂದು ಪತ್ರವೂ ಇದೇ ಗೆನಿಜಾದ್ದು. ಟ್ಯುನೀಶಿಯಾ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ಯಹೂದಿ ವ್ಯಾಪಾರಿ ಹನ್ನೆರಡನೇ ಶತಮಾನದಲ್ಲಿ ಮಂಗಳೂರು ಕಡೆ ಹಲವು ವರ್ಷ ಇದ್ದ. ಕಂಚು, ಹಿತ್ತಾಳೆಯ ಕಾರ್ಖಾನೆ ನಡೆಸುತ್ತಿದ್ದ. ಬೊಮ್ಮ ಎಂಬ ಆಳು ಅವನ ಪರವಾಗಿ ಯೆಮೆನ್‌ನ ಏಡನ್ ಬಂದರಿನವರೆಗೂ ಹೋಗಿಬರುತ್ತಿದ್ದ. 1132ರಲ್ಲಿ ಬೆನ್ ಯಿಜು ಮಂಗಳೂರಿನಲ್ಲೇ ಆಶು ಎಂಬ ದಾಸಿಗೆ ಬಿಡುಗಡೆ ಪತ್ರ ಬರೆದುಕೊಟ್ಟ. ಅವನ ಮಕ್ಕಳ ತಾಯಿ ಆಕೆಯೇ ಎಂದು ವಿದ್ವಾಂಸರು ಹೇಳುತ್ತಾರೆ. ಯಹೂದಿ ಕಟ್ಟಳೆಯ ಪ್ರಕಾರ ದಾಸಿಯ ಮಕ್ಕಳಿಗೆ ತಾಯಿಯ ಸ್ಥಾನವೇ ಬರುತ್ತದೆ. ತಾಯಿಗೆ ಕ್ರಮಬದ್ಧವಾಗಿ ಬಿಡುಗಡೆಯಾದರೆ ಮಾತ್ರ ಆಮೇಲೆ ಹುಟ್ಟುವ ಮಕ್ಕಳು ಸ್ವತಂತ್ರರು, ಯಹೂದಿಗಳು. ಆ ಒಂದು ಹಾಳೆಯ ಮೇಲೆ ಎಷ್ಟು ನಿಂತಿತ್ತು ನೋಡಿ. ತನ್ನ ಊರಿನಿಂದ ಸಾವಿರಾರು ಮೈಲಿ ದೂರದಲ್ಲಿ, ಕಟ್ಟಳೆಯ ಪ್ರಕಾರವೇ ಪತ್ರ ಬರೆದಿದ್ದಾನೆ. ಏಡನ್‌ನ ಗೆಳೆಯರು ಅವನಿಗೆ ಉಡುಗೊರೆಗಳ ಜೊತೆ ಬರೆಯುವ ಕಾಗದವನ್ನೂ ಕಳಿಸುತ್ತಿದ್ದರು.

ಈಗ ಎಲ್ಲಿಂದ ಶುರು ಮಾಡುವುದು ಅಂತ. ಸುಮ್ನೆ ತಾಲ್ಮುದ್ ಮೊದಲ ಪುಟದಿಂದ ಹಿಡಿಯಬೇಡಿ, ಬೇಗ ದಣಿಯುತ್ತೀರಿ. ನಿಮಗೆ ಆಸಕ್ತಿ ಇರುವ ಒಂದೇ ಒಂದು ಆಚರಣೆ ಆರಿಸಿಕೊಳ್ಳಿ. ಸೆಫಾರಿಯಾ ಎಂಬ ತಾಣದಲ್ಲಿ ಅದರ ಬಗ್ಗೆ ಮೂಲ ಮತ್ತು ಇಂಗ್ಲಿಷ್ ಅನುವಾದ ಓದಿ. ಆಮೇಲೆ ಅದೇ ಭಾಗದ ಹಳೆಯ ಅಚ್ಚಿನ ಸ್ಕ್ಯಾನ್ ಹುಡುಕಿ ಪಕ್ಕದಲ್ಲಿಟ್ಟು ನೋಡಿ. ಹಸ್ತಪ್ರತಿಗಳಿಗೆ ಇಸ್ರೇಲ್ ರಾಷ್ಟ್ರೀಯ ಗ್ರಂಥಾಲಯದ ಕ್ತಿವ್ ತಾಣ ಇದೆ, ಜಗತ್ತಿನ ಬೇರೆ ಬೇರೆ ಸಂಗ್ರಹಗಳ ಹೀಬ್ರೂ ಹಸ್ತಪ್ರತಿಗಳು ಅಲ್ಲಿವೆ. ಹೀಬ್ರೂ ಬೇಡವೇ ಬೇಡ ಅಂದರೆ ಪ್ರಿನ್ಸ್‌ಟನ್ ಗೆನಿಜಾ ಪ್ರಾಜೆಕ್ಟ್‌ನಿಂದ ಶುರು ಮಾಡಿ, ಅಲ್ಲಿ ಎಷ್ಟೋ ಪತ್ರಗಳ ಇಂಗ್ಲಿಷ್ ವಿವರಣೆ ಸಿಗುತ್ತದೆ.

ಆದರೂ ಅಕ್ಷರ ಕಲಿಯಿರಿ ಎಂದೇ ಹೇಳುತ್ತೇನೆ. ಬರೀ 22. ಅದರ ಜೊತೆಗೆ ವ್ಯಾಖ್ಯಾನಗಳಿಗೆ ಬಳಸುವ ರಾಶಿ ಲಿಪಿ. ರಾಶಿಯವರು ಅದರಲ್ಲಿ ಬರೆದವರೇ ಅಲ್ಲ. 1475ರಲ್ಲಿ ಇಟಲಿಯ ರೆಜ್ಜೊ ದಿ ಕಲಾಬ್ರಿಯಾದಲ್ಲಿ ಅವರ ವ್ಯಾಖ್ಯಾನವನ್ನು ಸ್ಪೇನ್ ಕಡೆಯ ಕೈಬರಹದ ಮಾದರಿಯ ಅಚ್ಚಿನಲ್ಲಿ ಹಾಕಿದರು, ಆ ಹೆಸರು ಹಾಗೆ ಬಂತು. ಅದು ಓದಲು ಬಂದರೆ 605ನೇ ವಿಭಾಗದಲ್ಲಿ ಕಾರೋ ಎಲ್ಲಿ ನಿಲ್ಲಿಸಿದರು, ಇಸ್ಸೆರ್ಲೆಸ್ ಎಲ್ಲಿ ಬಾಯಿ ಹಾಕಿದರು ಎಂಬುದನ್ನು ಯಾರ ಸಹಾಯವೂ ಇಲ್ಲದೆ ನೀವೇ ಗುರುತಿಸಬಹುದು.