ಕವರಿನಲ್ಲಿ ಎಷ್ಟಿತ್ತು?

ಬಿಡುವಿದ್ದಾಗ ಜನರ ಮುಖಚಿತ್ರ ಬರೆಯುತ್ತೀರಿ, ಪರಿಚಯದವರೆಲ್ಲ ಬರೆಸಿಕೊಂಡು ಹೋಗುತ್ತಾರೆ, ಈಗ ಕೆಲವರು ‘ದುಡ್ಡು ತಗೋ’ ಅನ್ನುತ್ತಿದ್ದಾರೆ. ದುಡ್ಡು ತಗೊಂಡರೆ ಖುಷಿ ಹೋಗಿಬಿಡುತ್ತಾ, ಪ್ರೀತಿಗೆ ಅಂತ ಸುಮ್ನೆ ಮಾಡುವುದು ದಡ್ಡತನವಾ ಅಂತ ಕೇಳಿದ್ದೀರಿ.

ನನಗೆ ಚಿತ್ರ ಬರೆಯಲು ಬರುವುದಿಲ್ಲ. ಆದರೆ 22 ವರ್ಷದಿಂದ ತಾಳಮದ್ದಳೆಯಲ್ಲಿ ಅರ್ಥ ಹೇಳುತ್ತಿದ್ದೇನೆ. ಹಗಲು ಪುತ್ತೂರು ಕಡೆಯ ಒಂದು ಸೊಸೈಟಿಯಲ್ಲಿ ಗುಮಾಸ್ತ. ಅಡಿಕೆ, ಸಾಲ, ಗೊಬ್ಬರದ ಬಿಲ್ಲು. ಶನಿವಾರ ಸಂಜೆ ಅಂಗಿ ಬದಲಿಸಿ, ಶಾಲು ಹಾಕಿಕೊಂಡು ಕೂತರೆ ನಾನೇ ಕರ್ಣ, ನಾನೇ ವಾಲಿ.

ನೀವು ನಮ್ಮ ಕಡೆಯವರು ಅಲ್ಲದಿದ್ದರೆ ಎರಡು ಮಾತು ಹೇಳಬೇಕು. ಯಕ್ಷಗಾನದಲ್ಲಿ ವೇಷ ಕಟ್ಟಿ ಕುಣಿದರೆ ಅದು ಆಟ. ವೇಷವಿಲ್ಲದೆ, ಕುಣಿತವಿಲ್ಲದೆ, ಕೂತಲ್ಲೇ ನಡೆಸಿದರೆ ಅದು ಕೂಟ, ಅಂದರೆ ತಾಳಮದ್ದಳೆ. ಭಾಗವತರು ಪದ್ಯ ಹೇಳುತ್ತಾರೆ, ಮದ್ದಳೆ ಚೆಂಡೆಯವರು ನುಡಿಸುತ್ತಾರೆ, ಆಮೇಲೆ ಆ ಪದ್ಯದ ಅರ್ಥವನ್ನು ಪಾತ್ರವಾಗಿ ನಾವು ಮಾತಾಡುತ್ತೇವೆ. ಪದ್ಯ ಪುಸ್ತಕದಲ್ಲಿದೆ. ಮಾತು ಯಾವ ಪುಸ್ತಕದಲ್ಲೂ ಇಲ್ಲ. ಎದುರಿಗೆ ಕೂತವರು ಏನು ಕೇಳುತ್ತಾರೆ ಅಂತ ಗೊತ್ತಿರುವುದಿಲ್ಲ. ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡಬೇಕು, ಪಾತ್ರ ಬಿಡದೆ. ಹಿಂದೆ ರಾತ್ರಿ ಇಡೀ ನಡೆಯುತ್ತಿತ್ತು. ಈಗ ಮೂರು ಗಂಟೆ ಕೂತರೆ ಜಾಸ್ತಿ.

ಮೂರು ಗಂಟೆಯ ಕೂಟಕ್ಕೆ ನಾನು ವಾರವಿಡೀ ಓದುತ್ತೇನೆ. ಸೊಸೈಟಿಯ ಕೌಂಟರಿನಲ್ಲಿ ನಿಂತಾಗಲೂ ತಲೆಯೊಳಗೆ ಪೀಠಿಕೆ, ಅಂದರೆ ಪಾತ್ರದ ಶುರುವಿನ ಮಾತು, ಕಟ್ಟುತ್ತಿರುತ್ತೇನೆ. ಒಮ್ಮೆ ಒಬ್ಬರು ಹಿರಿಯರಿಗೆ ರಸೀದಿ ಕೊಡುತ್ತಾ ‘ತಗೊಳ್ಳಿ, ಆಚಾರ್ಯರೇ’ ಅಂದುಬಿಟ್ಟೆ. ಆ ವಾರ ಭೀಷ್ಮ ಪರ್ವ ಇತ್ತು, ಎದುರಿಗೆ ದ್ರೋಣ. ಅವರು ತಿರುಗಿ ನೋಡಿ ನಕ್ಕು ಹೋದರು.

ಕೂಟ ಮುಗಿದ ಮೇಲೆ ಸಂಘಟಕರು ಒಂದು ಕವರು ಕೊಡುತ್ತಾರೆ. ಕೆಲವು ಕಡೆ ಕೊಡುವುದಿಲ್ಲ. ಮನೆಗೆ ಬಂದ ಕೂಡಲೇ ಹೆಂಡತಿ ಕೇಳುತ್ತಾಳೆ, ‘ಕವರಿನಲ್ಲಿ ಎಷ್ಟಿತ್ತು?’ 300. ‘ಪೆಟ್ರೋಲಿಗೆ?’ 250. ‘ಪರವಾಗಿಲ್ಲ, ಈ ಸಲ ಲಾಭ.’ ಇಷ್ಟು ವರ್ಷದಲ್ಲಿ ಒಮ್ಮೆಯೂ ಹೋಗಬೇಡಿ ಅಂದಿಲ್ಲ ಮಾರಾಯ್ತಿ. ಅದೂ ಈ ಲೆಕ್ಕದಲ್ಲಿ ಸೇರಬೇಕು.

ಈಗ ನಿಮ್ಮ ಮೊದಲ ಪ್ರಶ್ನೆ. ದುಡ್ಡು ಬಂದರೆ ಖುಷಿ ಹೋಗುತ್ತಾ?

ಒಂದು ಮಳೆಗಾಲದಲ್ಲಿ ನಾನೂ ನೋಡಿದೆ. ನಮ್ಮಲ್ಲಿ ಮೇ ಕೊನೆಗೆ ಪತ್ತನಾಜೆ ಅನ್ನುವ ದಿನ ಬಂದರೆ ಮೇಳಗಳು, ಅಂದರೆ ಆಟ ಆಡುವ ಯಕ್ಷಗಾನ ತಂಡಗಳು, ತಿರುಗಾಟ ನಿಲ್ಲಿಸುತ್ತವೆ, ಕೂಟಗಳು ಜೋರಾಗುತ್ತವೆ. ಆ ವರ್ಷ ನನ್ನ ಹೆಸರು ಸ್ವಲ್ಪ ಓಡಿತ್ತು. ಕರೆದಲ್ಲೆಲ್ಲ ಹೋದೆ. ಕೆಲವು ವಾರ ನಾಲ್ಕು ಕೂಟ. ಕವರೂ ದಪ್ಪವಾಯಿತು. ಜುಲೈ ಮುಗಿಯುವಷ್ಟರಲ್ಲಿ ನನಗೇ ಗೊತ್ತಾಗತೊಡಗಿತು, ಎಲ್ಲ ಕಡೆ ಒಂದೇ ವಾಲಿ ಹೇಳುತ್ತಿದ್ದೇನೆ. ಜನ ಎಲ್ಲಿ ನಗುತ್ತಾರೆ ಅಂತ ಮೊದಲೇ ತಿಳಿದಿತ್ತು, ಅಲ್ಲಿಗೆ ಮಾತನ್ನು ತಂದು ನಿಲ್ಲಿಸುತ್ತಿದ್ದೆ. ಓದಲು ಹೊತ್ತಿರಲಿಲ್ಲ. ಒಂದು ದಿನ ಎದುರಿನ ರಾಮ, ನನಗಿಂತ ಹತ್ತು ವರ್ಷ ಚಿಕ್ಕವನು, ಚಹಾ ಕುಡಿಯುವಾಗ ಮೆಲ್ಲ ಕೇಳಿದ, ‘ಅಣ್ಣಾ, ಮೊನ್ನೆಯದ್ದೇ ಅಲ್ವಾ?’ ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ.

ಇದನ್ನು ಕೇಳಿ ‘ನೋಡಿ, ದುಡ್ಡು ಕಲೆಯನ್ನು ಕೆಡಿಸುತ್ತದೆ’ ಅಂದುಕೊಳ್ಳಬೇಡಿ. ಕೆಟ್ಟದ್ದು ನನ್ನ ಓದು. ವಾರಕ್ಕೆ ನಾಲ್ಕು ಕೂಟ ತಡೆಯುವ ಸರಕು ನನ್ನಲ್ಲಿ ಇರಲಿಲ್ಲ, ಅಷ್ಟೇ. ಇದ್ದವರು ಇದ್ದರು. ಶೇಣಿ ಗೋಪಾಲಕೃಷ್ಣ ಭಟ್ಟರು (1918–2006) ಮೇಳದಲ್ಲಿ ವೇಷ ಮಾಡಿದವರು, ಹರಿಕಥೆ ಮಾಡಿದವರು, ಕಲೆಯಿಂದಲೇ ಬದುಕಿದವರು. ಅವರ ವಾಲಿಯನ್ನು ಕೇಳಿದವರು ಇವತ್ತಿಗೂ ಅದನ್ನೇ ಮಾತಾಡುತ್ತಾರೆ. ಸುಳ್ಯ ಕಡೆಯ ದೇರಾಜೆ ಸೀತಾರಾಮಯ್ಯನವರು (1914–1984) ಕೃಷಿಕರು, ಹವ್ಯಾಸಿ ಅರ್ಥಧಾರಿ. ಅವರ ಮಾತಿಗೂ ಜನ ಹಾಗೇ ಕಾದು ಕೂರುತ್ತಿದ್ದರು. ಇವರಿಬ್ಬರಲ್ಲಿ ಯಾರಿಗೆ ಪ್ರೀತಿ ಜಾಸ್ತಿ ಅಂತ ಯಾರೂ ತೂಗಲು ಹೋಗಲಿಲ್ಲ. ದೇರಾಜೆಯವರಿಗೆ ತೋಟ ಇತ್ತು. ನನಗೆ ಸೊಸೈಟಿ ಸಂಬಳ ಇದೆ. ನನ್ನ ‘ಪ್ರೀತಿಗಾಗಿ’ ಅನ್ನುವ ಮಾತಿನ ಕೆಳಗೆ ಪ್ರತಿ ತಿಂಗಳು ಒಂದನೇ ತಾರೀಕು ಬರುವ ಆ ಸಂಬಳ ಕೂತಿದೆ. ಅದನ್ನು ಮರೆತು ಜಂಬ ಕೊಚ್ಚಬಾರದು.

ಅದಕ್ಕೇ ನನಗೆ ಸಿಟ್ಟು ಬರುವ ವಿಷಯ ಬೇರೆ. ಎರಡು ವರ್ಷದ ಹಿಂದೆ ಒಂದು ಊರಿನಲ್ಲಿ ಕೂಟ. ನನ್ನ ಜೊತೆ ಬಂದ ಮದ್ದಳೆಗಾರರು ಮೇಳದವರು. ಮಳೆಗಾಲದಲ್ಲಿ ಅವರಿಗೆ ಮೇಳದ ಸಂಬಳ ಇಲ್ಲ. ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಹೊತ್ತು ಮನೆ ಮನೆಗೆ ಹೋಗುತ್ತಾರೆ, ಜನ ಕೊಟ್ಟ ಅಕ್ಕಿ, ತೆಂಗಿನಕಾಯಿ, ದುಡ್ಡು ತರುತ್ತಾರೆ. ಆ ಸಂಜೆಯನ್ನು ಬಿಟ್ಟು ನಮ್ಮ ಕೂಟಕ್ಕೆ ಬಂದಿದ್ದರು. ಮುಗಿದ ಮೇಲೆ ಸಂಘಟಕರು ಎಲ್ಲರಿಗೂ ಒಂದೊಂದು ಶಾಲು ಹೊದಿಸಿ ‘ಕಲಾಸೇವೆ ಅಲ್ವಾ, ದುಡ್ಡಿನ ಮಾತು ಯಾಕೆ’ ಅಂದರು. ಪೆಂಡಾಲಿನವರಿಗೆ ದುಡ್ಡು ಕೊಟ್ಟಿದ್ದರು. ಮೈಕಿನವರಿಗೆ ಕೊಟ್ಟಿದ್ದರು. ಅಡುಗೆಯವರಿಗೆ ಅಡ್ವಾನ್ಸೇ ಹೋಗಿತ್ತು. ಸೇವೆ ಅಂತ ಅನ್ನಿಸಿಕೊಂಡವರು ನಾವು ಮಾತ್ರ. ನನಗೆ ಅದು ನಡೆಯುತ್ತದೆ. ಆ ಮನುಷ್ಯನಿಗೆ ಮದ್ದಳೆಯ ಮುಚ್ಚಿಗೆ, ಅಂದರೆ ಬಾಯಿಯ ಚರ್ಮ, ಹೋದರೆ ಹೊಸದು ಹಾಕಿಸುವುದಕ್ಕೂ ಆ ಕೈಯ ದುಡಿಮೆಯೇ ಬೇಕು. ವಾಪಸು ಬರುವಾಗ ಅವರು ಬೈಕಿನ ಹಿಂದೆ ಮದ್ದಳೆ ತಬ್ಬಿ ಕೂತಿದ್ದರು, ಒಂದು ಮಾತು ಆಡಲಿಲ್ಲ. ನಾನೂ ಅಲ್ಲಿ ಬಾಯಿ ಬಿಡದೆ ಬಂದವನೇ.

ಆಮೇಲೆ ಒಂದು ಕ್ರಮ ಮಾಡಿಕೊಂಡೆ. ನನ್ನನ್ನು ಕರೆದವರಿಗೆ ಮೊದಲೇ ಕೇಳುತ್ತೇನೆ, ಹಿಮ್ಮೇಳಕ್ಕೆ, ಅಂದರೆ ಭಾಗವತರು, ಮದ್ದಳೆ ಚೆಂಡೆಯವರಿಗೆ, ಎಷ್ಟು ಕೊಡುತ್ತೀರಿ ಅಂತ. ನನ್ನದು ಬೇಡ, ಅವರದ್ದು ಹೇಳಿ. ಕೆಲವರಿಗೆ ಇದು ಹಿಡಿಸಿಲ್ಲ. ಕರೆಯುವುದು ಕಡಿಮೆಯಾಯಿತು. ಒಳ್ಳೆಯದೇ, ಓದಲು ಹೊತ್ತು ಸಿಕ್ಕಿತು.

ಎರಡನೇ ಪ್ರಶ್ನೆ, ದಡ್ಡತನವಾ ಅಂತ. ಇದಕ್ಕೆ ನನ್ನ ಹತ್ತಿರ ಉತ್ತರಕ್ಕಿಂತ ಒಂದು ಸೋಲು ಇದೆ.

‘ಕರ್ಣಭೇದನ’ ಪ್ರಸಂಗ. ನಾನು ಕರ್ಣ. ಸಂಧಾನ ಮುರಿದು ಬಿದ್ದ ಮೇಲೆ ಕೃಷ್ಣ ಕರ್ಣನನ್ನು ರಥಕ್ಕೆ ಹತ್ತಿಸಿಕೊಂಡು ಹೋಗಿ, ನೀನು ಕುಂತಿಯ ಮಗ, ಪಾಂಡವರ ಅಣ್ಣ, ಬಾ, ರಾಜ್ಯ ನಿನ್ನದೇ ಅನ್ನುವ ಕಡೆ. ನಾನು ಸ್ನೇಹದ ಬಗ್ಗೆ ಚೆನ್ನಾಗಿಯೇ ಹೇಳಿದೆ. ದುರ್ಯೋಧನನ ಮೇಲಿನ ಪ್ರೀತಿಯ ಮುಂದೆ ರಾಜ್ಯ ಯಾವ ಲೆಕ್ಕ ಅಂದೆ. ಚಪ್ಪಾಳೆಯೂ ಬಿತ್ತು. ಕೃಷ್ಣನಾಗಿದ್ದವರು ನಿವೃತ್ತ ಮೇಷ್ಟ್ರು. ಚಪ್ಪಾಳೆ ನಿಲ್ಲುವ ತನಕ ಕಾದರು. ಆಮೇಲೆ ಬಹಳ ಮೆತ್ತಗೆ, ‘ಕರ್ಣಾ, ಅವತ್ತು ಅವನು ಅಂಗರಾಜ್ಯ ಕೊಡದೇ ಹೋಗಿದ್ದರೆ ಈ ಪ್ರೀತಿ ಇರುತ್ತಿತ್ತಾ?’

ನಾನು ಸುಮ್ಮನಾದೆ. ಉಪ್ಪಿನ ಋಣ ಅಂತ ಹೇಳಿದರೆ, ಮೊದಲು ಪ್ರೀತಿ ಅಂದದ್ದು ಸುಳ್ಳಾಗುತ್ತದೆ. ಇರುತ್ತಿತ್ತು ಅಂದರೆ ಯಾವ ಆಧಾರ? ಕೂಟದಲ್ಲಿ ಅಷ್ಟು ಹೊತ್ತು ಸುಮ್ಮನೆ ಕೂತರೆ ಸೋತ ಹಾಗೆ. ಭಾಗವತರು ನನ್ನ ಮುಖ ನೋಡಿ ಮುಂದಿನ ಪದ್ಯ ಎತ್ತಿಕೊಂಡು ಮಾನ ಉಳಿಸಿದರು.

ಆರು ತಿಂಗಳು ಆ ಪ್ರಶ್ನೆ ಬಿಡಲಿಲ್ಲ. ಅಡಿಕೆ ತೂಗುವಾಗ, ಸ್ನಾನ ಮಾಡುವಾಗ. ಗದುಗಿನ ಭಾರತದ ಆ ಭಾಗವನ್ನು ಮತ್ತೆ ಮತ್ತೆ ಓದಿದೆ. ಅಲ್ಲಿ ಒಂದು ವಿಷಯ ಇದೆ, ಎಷ್ಟೋ ಸಲ ಓದಿಯೂ ಕಣ್ಣಿಗೆ ಬಿದ್ದಿರಲಿಲ್ಲ. ತನ್ನ ಹುಟ್ಟು ತಿಳಿದ ಆ ಹೊತ್ತಿಗೆ ಕರ್ಣನಿಗೆ ಕಣ್ಣೀರು ಬರುತ್ತದೆ, ಆದರೆ ಅವನು ನೊಂದುಕೊಳ್ಳುವುದು ಅಯ್ಯೋ, ದುರ್ಯೋಧನನಿಗೆ ಕೇಡಾಯಿತಲ್ಲ ಅಂತ. ಅಂಗರಾಜ್ಯ ಶುರುವಿಗೆ ಕಾರಣ ಆಗಿರಬಹುದು. ಈಗ ಆ ಲೆಕ್ಕ ಅವನ ತಲೆಯಲ್ಲೇ ಇಲ್ಲ. ಮೇಷ್ಟ್ರ ಮನೆಗೆ ಹೋಗಿ ಹೇಳಿದೆ. ‘ಇದನ್ನು ಅವತ್ತೇ ಹೇಳಿದ್ದರೆ ನಾನು ಸೋಲುತ್ತಿದ್ದೆ’ ಅಂದರು. ಕಾಫಿ ಕೊಟ್ಟರು. ಆ ಆರು ತಿಂಗಳಿಗೆ ಸಿಕ್ಕಿದ್ದು ಅಷ್ಟೇ. ದಡ್ಡತನವಾ ಅಲ್ಲವಾ, ನೀವೇ ಹೇಳಿ.

ಇನ್ನು ನಿಮ್ಮ ಚಿತ್ರದ ಮಾತು. ದುಡ್ಡು ತಗೊಳ್ಳಿ, ಆದರೆ ಎಲ್ಲರಿಂದ ಅಲ್ಲ. ಅಂಗಡಿ ಉದ್ಘಾಟನೆಗೆ, ಆಫೀಸಿನ ಬೀಳ್ಕೊಡುಗೆಗೆ ಅಂತ ಬರೆಸಿಕೊಳ್ಳುವವರು ಚಿತ್ರಕ್ಕೆ ಕಟ್ಟು ಹಾಕುವವನಿಗೆ ದುಡ್ಡು ಕೊಟ್ಟೇ ಕೊಡುತ್ತಾರಲ್ಲ, ನಿಮಗೂ ಕೊಡಲಿ. ಎಷ್ಟು ಅಂತ ಪೆನ್ಸಿಲ್ ಹಿಡಿಯುವ ಮೊದಲೇ ಹೇಳಿ, ಆಮೇಲೆ ಹೇಳಲು ನಾಚಿಕೆಯಾಗುತ್ತದೆ. ನಿಮ್ಮ ಊರಿನಲ್ಲಿ ಇದರಿಂದಲೇ ಹೊಟ್ಟೆ ಹೊರೆಯುವ ಚಿತ್ರಗಾರರು ಇರುತ್ತಾರೆ. ನೀವು ಪುಕ್ಕಟೆ ಬರೆದುಕೊಟ್ಟ ಪ್ರತಿಯೊಂದೂ ಅವರ ರೇಟನ್ನು ಇಳಿಸುತ್ತದೆ, ಅದನ್ನು ನೆನಪಿಡಿ. ಅಜ್ಜಿಯ ಮುಖವನ್ನು ನಿಮಗೇ ಬರೆಯಬೇಕು ಅನ್ನಿಸಿದರೆ, ಅದಕ್ಕೆ ಯಾರನ್ನೂ ಕೇಳಬೇಡಿ, ನನ್ನನ್ನೂ ಸೇರಿಸಿ. ತಿಂಗಳಿಗೆ ಎಷ್ಟು ಚಿತ್ರ ಅಂತ ಒಂದು ಮಿತಿ ಇಟ್ಟುಕೊಳ್ಳಿ. ಎಲ್ಲ ಮುಖದ ಕಣ್ಣೂ ಒಂದೇ ಥರ ಬರತೊಡಗಿದರೆ ಸ್ವಲ್ಪ ದಿನ ಬಿಡಿ.

ಉದ್ದವಾಯಿತು. ಈ ಶನಿವಾರ ನನಗೆ ಶಲ್ಯ ಬಿದ್ದಿದೆ, ಕರ್ಣನ ಸಾರಥಿ. ಪೀಠಿಕೆ ಇನ್ನೂ ಕೂಡಿ ಬಂದಿಲ್ಲ.